ಕಂಬದ ಮೇಲಿನ ಹಳೇ ಸ್ಟಿಕ್ಕರ್

ಚೆಂಬೂರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವುದು ನನ್ನ ಕೆಲಸ. ಕಾರ್ಡಿನಲ್ಲಿ ಮ್ಯಾನೇಜರ್ ಅಂತ ಅಚ್ಚಾಗಿದೆ. ಗಿರಾಕಿಗಳಿಗೆ ಮಾತ್ರ ನಾನು ‘ಅಣ್ಣಾ’. ಮುಂಬೈಯಲ್ಲಿ ಇಡ್ಲಿ-ದೋಸೆ ಮಾರುವವರೆಲ್ಲ ಅಣ್ಣಾನೇ ಅಲ್ವಾ! 1998ರಲ್ಲಿ, ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ವರ್ಷ, ಕುಂದಾಪುರದ ಕಡೆಯಿಂದ ಒಂದು ರೆಕ್ಸಿನ್ ಚೀಲ ಹಿಡಿದು ಬಂದೆ. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಆಮೇಲೆ ಪಾರ್ಸಲ್ ಕೌಂಟರ್. ಗಲ್ಲಾಕ್ಕೆ ಏರುವಷ್ಟರಲ್ಲಿ ತಲೆಕೂದಲು ಅರ್ಧ ಬೆಳ್ಳಗಾಗಿತ್ತು.

ಇಷ್ಟು ವರ್ಷದ ಅನುಭವ ಇರುವವನು ಒಂದು ಭಾನುವಾರ ರಾತ್ರಿ ಎಂಥ ಹೆಡ್ಡತನ ಮಾಡಿದೆ ಅಂತ ಬರೆಯುತ್ತಿದ್ದೇನೆ. ಹಣದ್ದು ಸಣ್ಣ ಲೆಕ್ಕ. 1,840 ರೂಪಾಯಿ.

ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದೂವರೆ ತನಕ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹೊರಗೆ ಹೆಸರು ಬರೆಸಿ ಕಾಯುವವರು, ಒಳಗೆ ಮಕ್ಕಳ ಗಲಾಟೆ, ತಟ್ಟೆಗಳ ಸದ್ದು. ಇದರ ಮಧ್ಯೆ ಗಲ್ಲಾದ ಮೇಲಿನ ಡಬ್ಬಿ ಒಂದೇ ಸಮನೆ ಕೂಗುತ್ತಿರುತ್ತದೆ, ಇಷ್ಟು ರೂಪಾಯಿ ಬಂತು, ಅಷ್ಟು ರೂಪಾಯಿ ಬಂತು ಅಂತ. ಮೊದಲು ನಮ್ಮ ಧಣಿ ಅಭಿಮಾನಕ್ಕೆ ಅದರ ಭಾಷೆ ಕನ್ನಡಕ್ಕೆ ಇಟ್ಟಿದ್ದರು. ಗಿರಾಕಿಗಳು ‘ಯೇ ಕ್ಯಾ ಬೋಲ್ ರಹಾ ಹೈ’ ಎಂದು ನನ್ನ ಮುಖ ನೋಡುತ್ತಿದ್ದರು. ಒಂದು ವಾರದಲ್ಲಿ ಹಿಂದಿಗೆ ಬದಲಾಯಿತು.

ಆ ಭಾನುವಾರ ಏಳನೇ ಟೇಬಲಿನಲ್ಲಿ ಒಂಬತ್ತು ಜನರ ಒಂದು ಕುಟುಂಬ. ಎರಡು ಟೇಬಲ್ ಕೂಡಿಸಿ ಕೂರಿಸಿದ್ದೆವು. ಅವರಿಗೆ ಬಡಿಸಿದವನು ಬೈಂದೂರಿನ ಹುಡುಗ. ಹೋಟೆಲಿನಲ್ಲಿ ಅರ್ಧ ಜನಕ್ಕೆ ಊರೇ ಹೆಸರು. ಅವನನ್ನು ಎಲ್ಲರೂ ಕರೆಯುವುದು ‘ಬೈಂದೂರು’ ಅಂತಲೇ. ಇಪ್ಪತ್ತೊಂದು ವರ್ಷ, ಬಂದು ಎಂಟು ತಿಂಗಳಾಗಿತ್ತು. ಬಿಲ್ಲು ಕೊಟ್ಟ ಮೇಲೆ ಮನೆಯ ಹಿರಿಯರು ಎದ್ದು ಬಂದರು. ಗಲ್ಲಾದ ಮುಂದೆ ಸಾಲು. ಅವರು ಪಾರ್ಸಲ್ ಕೌಂಟರ್ ಪಕ್ಕದ ಕಂಬದ ಹತ್ತಿರವೇ ನಿಂತು ಫೋನ್ ಎತ್ತಿದರು. ಸ್ಕ್ರೀನಿನಲ್ಲಿ ಹಸಿರು ಟಿಕ್ಕು ಬಂತು, ಹುಡುಗನಿಗೆ ತೋರಿಸಿದರು. ಅವನು ಅಲ್ಲಿಂದಲೇ ‘ಅಣ್ಣ, ಏಳು ಬಂತು’ ಎಂದು ಕೂಗಿದ. ನಾನು ತಲೆ ಎತ್ತದೆ ಕಂಪ್ಯೂಟರಿನಲ್ಲಿ ಯುಪಿಐ ಅಂತ ಒತ್ತಿದೆ. ಡಬ್ಬಿ 1,840 ಅಂತ ಕೂಗಿತೋ ಇಲ್ಲವೋ, ಆ ಗದ್ದಲದಲ್ಲಿ ಯಾರು ಕೇಳುತ್ತಾರೆ?

ರಾತ್ರಿ ಶಟರ್ ಎಳೆದ ಮೇಲೆ ಲೆಕ್ಕ ಕೂಡಿಸಿದೆ. ನಗದು ಸರಿ ಇತ್ತು. ಯುಪಿಐ ಬಾಬ್ತಿನಲ್ಲಿ ಸರಿಯಾಗಿ 1,840 ಕಡಿಮೆ. ಮೊತ್ತ ಒಂದೇ ಬಿಲ್ಲಿಗೆ ಹೊಂದಿದ್ದರಿಂದ ಹುಡುಕುವ ಕೆಲಸವೂ ಇರಲಿಲ್ಲ. ಏಳನೇ ಟೇಬಲ್.

ನನಗೆ ತಕ್ಷಣ ಹೊಳೆದದ್ದು ಸುಳ್ಳು ಆಪ್. ಹಣ ಕಳಿಸದೆಯೇ ಹಸಿರು ಟಿಕ್ಕು ತೋರಿಸುವ ನಕಲಿ ಆಪ್‌ಗಳ ವಿಷಯ ಹೋಟೆಲಿನವರಿಗೆಲ್ಲ ಗೊತ್ತು. ‘ಸ್ಕ್ರೀನ್ ನೋಡಿ ಕಳಿಸಬೇಡಿ, ಡಬ್ಬಿ ಕೂಗಬೇಕು’ ಅಂತ ನಾನೇ ಹುಡುಗರಿಗೆ ನೂರು ಸಲ ಹೇಳಿದ್ದೆ. ನೂರಾ ಒಂದನೇ ಸಲ ಬಾಯಲ್ಲಿ ಹೇಳಲಿಲ್ಲ. ಫೋನ್ ತೆಗೆದು ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ. ಸಮಯ 11.40. ‘ಟೇಬಲ್ 7, 1840 ಬಂದಿಲ್ಲ. ಬೈಂದೂರು ಸ್ಕ್ರೀನ್ ನೋಡಿ ಕಳಿಸಿದ್ದಾನೆ. ಈ ದುಡ್ಡು ಯಾರು ಕೊಡ್ತಾರೆ? ಕೆಲಸದಲ್ಲಿ ಗಮನ ಇಲ್ಲದವರು ಊರಿಗೆ ಹೋಗಬಹುದು.’

ಕೊನೆಯ ಸಾಲು ಬೇಕಿರಲಿಲ್ಲ. ಬರೆಯುವಾಗ ಮಾತ್ರ ಅದೇ ಎಲ್ಲಕ್ಕಿಂತ ಖುಷಿ ಕೊಟ್ಟ ಸಾಲು. ಸುಳ್ಳು ಯಾಕೆ ಹೇಳಲಿ.

ಆ ಗ್ರೂಪಿನಲ್ಲಿ 34 ಜನ ಇದ್ದೇವೆ. ಧಣಿ, ಧಣಿಯ ಮಗ, ಭಟ್ರು, ಒಡಿಶಾದ ಹುಡುಗರು, ಮುಲುಂಡ್ ಬ್ರಾಂಚಿನವರು ಎಲ್ಲ. ಮುಲುಂಡಿನಲ್ಲಿ ಪಾರ್ಸಲ್ ನೋಡಿಕೊಳ್ಳುವುದು ಬೈಂದೂರಿನ ಸ್ವಂತ ಸೋದರಮಾವ. ಹುಡುಗನನ್ನು ಕೆಲಸಕ್ಕೆ ತಂದು ಸೇರಿಸಿದ್ದೂ ಅವರೇ. ಇದು ನನಗೆ ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ. ಹತ್ತು ನಿಮಿಷದಲ್ಲಿ ಆರು ಜನ ಹೆಬ್ಬೆರಳು ಒತ್ತಿದರು. ಒಬ್ಬ ಕೈಮುಗಿಯುವ ಚಿತ್ರ ಹಾಕಿದ, ಅದರ ಅರ್ಥ ಏನೋ ಇವತ್ತಿಗೂ ತಿಳಿದಿಲ್ಲ. ಹುಡುಗ ಏನೂ ಬರೆಯಲಿಲ್ಲ. ನೋಡಿದ್ದಾನೆ ಅನ್ನುವುದು ಮಾತ್ರ ಗೊತ್ತಾಯಿತು.

ಹಿಂದೆ ನಾನು ಕ್ಲೀನರ್ ಆಗಿದ್ದ ಹೋಟೆಲಿನಲ್ಲಿ ಗಲ್ಲಾದಲ್ಲಿದ್ದವರು ಬಹಳ ಮುಂಗೋಪಿ. ಗ್ಲಾಸು ಒಡೆದರೆ, ಬಿಲ್ಲು ತಪ್ಪಿದರೆ ಕಣ್ಣಲ್ಲೇ ಕರೆಯುತ್ತಿದ್ದರು. ಹೋಗಬೇಕಾದ ಜಾಗ ಹಿಂದುಗಡೆ ಗ್ರೈಂಡರ್ ಹತ್ತಿರ. ಹಿಟ್ಟು ರುಬ್ಬುವ ಸದ್ದಿನಲ್ಲಿ ಅವರು ಬೈದದ್ದು ನನಗೇ ಅರ್ಧ ಕೇಳಿಸುತ್ತಿರಲಿಲ್ಲ, ಇನ್ನು ಬೇರೆಯವರಿಗೆ ಎಲ್ಲಿಂದ ಕೇಳಬೇಕು? ಒಂದೆರಡು ಸಲ ಕೈಯನ್ನೂ ಮಾಡಿದ್ದಾರೆ, ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಆದರೆ ಅಲ್ಲಿಂದ ಹೊರಗೆ ಬಂದರೆ ಮುಗಿಯಿತು. ಊರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಊರಿಗೆ ಮಾತಾಡಬೇಕಾದರೆ ರಾತ್ರಿ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಲ್ಲಬೇಕಿತ್ತು. ಮೀಟರ್ ಓಡುವಾಗ ಬೈಸಿಕೊಂಡ ಕಥೆಯನ್ನು ಯಾರು ಹೇಳುತ್ತಾರೆ?

ಸೋಮವಾರ ಬೆಳಿಗ್ಗೆ ಆರಕ್ಕೆ ಬೈಂದೂರು ಗಲ್ಲಾಕ್ಕೆ ಬಂದ. ಮೂರು ಐನೂರರ ನೋಟು, ಮೂರು ನೂರರದ್ದು, ಎರಡು ಇಪ್ಪತ್ತರದ್ದು. ಎಣಿಸಿ ಮೇಜಿನ ಮೇಲಿಟ್ಟ. ‘ಅಣ್ಣ, ಏಳನೇ ಟೇಬಲಿಂದು’ ಎಂದ. ತಿಂಗಳ ಕೊನೆ, ಅವನ ಹತ್ತಿರ ಅಷ್ಟು ದುಡ್ಡಿರಲು ಸಾಧ್ಯವಿಲ್ಲ. ಭಟ್ರ ಹತ್ತಿರ ಸಾಲ ಮಾಡಿದ್ದಾನೆ ಅಂತ ಆಮೇಲೆ ಗೊತ್ತಾಯಿತು.

ನಾನು ತೆಗೆದುಕೊಂಡೆ. ‘ಮುಂದೆ ಜಾಗ್ರತೆ’ ಅಂತ ಒಂದು ಮಾತನ್ನೂ ಸೇರಿಸಿದೆ.

ಕಾಯಬಹುದಿತ್ತು. ಗಿರಾಕಿಯ ಖಾತೆಯಿಂದ ಹಣ ಹೋಗಿ ಅಂಗಡಿಗೆ ಖಾತ್ರಿ ಬರದಿದ್ದರೆ, ವ್ಯವಹಾರ ಆದ ಮೇಲೆ ಐದು ದಿನದೊಳಗೆ ಅದು ತಾನಾಗಿ ಗಿರಾಕಿಗೆ ವಾಪಸಾಗಬೇಕು. ತಡವಾದರೆ ಬ್ಯಾಂಕಿನವರು ದಿನಕ್ಕೆ 100 ರೂಪಾಯಿ ಕೊಡಬೇಕು. 2019ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಇದು. ಬ್ಯಾಂಕುಗಳಿಗೇ ಐದು ದಿನ ಟೈಮ್ ಇದೆ. ಬೈಂದೂರಿಗೆ ನಾನು ಐದು ನಿಮಿಷವನ್ನೂ ಕೊಡಲಿಲ್ಲ.

ಗುರುವಾರ ಸಂಜೆ ಅದೇ ಹಿರಿಯರು ಒಬ್ಬರೇ ಕಾಫಿಗೆ ಬಂದರು. ನಕಲಿ ಆಪ್ ಇಟ್ಟುಕೊಂಡವನು ಅದೇ ಹೋಟೆಲಿಗೆ ವಾಪಸು ಬಂದು ಕಾಫಿ ಕುಡಿಯುತ್ತಾನಾ? ಆಗಲೇ ನನ್ನ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಹೋಗಿ ನಯವಾಗಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಫೋನ್ ತೆಗೆದು ತೋರಿಸಿದರು. ಭಾನುವಾರ, 10.52, 1,840 ರೂಪಾಯಿ, ಹನ್ನೆರಡು ಅಂಕಿಯ ಯುಟಿಆರ್ ಅಂದರೆ ಆ ಪಾವತಿಯ ಗುರುತಿನ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಕಡಿತ. ಹಸಿರು ಟಿಕ್ಕಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಣ ಪಡೆದವರ ಹೆಸರು. ಅದು ನಮ್ಮ ಹೋಟೆಲಿನ ಹೆಸರಾಗಿರಲಿಲ್ಲ. ದೊಡ್ಡ ಧಣಿಯ ಹೆಸರು.

ದೊಡ್ಡ ಧಣಿ ಅಂದರೆ ನಮ್ಮ ಧಣಿಯ ಅಪ್ಪ. ವಯಸ್ಸಾಯಿತು ಅಂತ ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಎರಡು ತಿಂಗಳ ಹಿಂದೆ ಹೋಟೆಲಿನ ಖಾತೆ ಅವರ ಹೆಸರಿನಿಂದ ಮಗನ ಹೊಸ ಫರ್ಮಿಗೆ ಬದಲಾಗಿತ್ತು. ಹೊಸ ಕ್ಯೂಆರ್ ಬಂತು, ಅದಕ್ಕೆ ಜೋಡಿಸಿದ ಹೊಸ ಡಬ್ಬಿಯೂ ಬಂತು. ಹಳೇ ಸ್ಟಿಕ್ಕರುಗಳನ್ನೆಲ್ಲ ತೆಗೆಯುವ ಕೆಲಸ ಯಾರಿಗೆ ಹೇಳಿದ್ದರು? ನನಗೆ.

ಎದ್ದು ಹೋಗಿ ಕಂಬ ನೋಡಿದೆ. ಅಲ್ಲೇ ಇತ್ತು. ತೆಗೆಯಲು ಹೊರಟದ್ದು ನೆನಪಾಯಿತು. ತರಕಾರಿ ಚಾಕುವಿನಿಂದ ಬಲಗಡೆಯ ಕೆಳಮೂಲೆ ಕೆರೆದಿದ್ದೆ. ಅಷ್ಟರಲ್ಲಿ ಹಾಲಿನ ಟೆಂಪೋ ಬಂತು, ಹೋದೆ. ಆಮೇಲೆ ಮರೆತೇ ಹೋಯಿತು. ಮೂಲೆ ಹರಿದಿದೆ, ಮೇಲೆಲ್ಲ ಎಣ್ಣೆ ಜಿಡ್ಡು, ಇನ್ನು ಇದು ಕೆಲಸ ಮಾಡುತ್ತಾ ಅನ್ನುವ ಭಾವನೆ.

ಮಾಡುತ್ತದೆ. ರಾತ್ರಿ ಕೂತು ಓದಿದಾಗ ತಿಳಿಯಿತು. ಈ ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ ಜಪಾನಿನಲ್ಲಿ, ಡೆನ್ಸೊ ಅನ್ನುವ ಕಂಪನಿಯಲ್ಲಿ, ಕಾರು ಫ್ಯಾಕ್ಟರಿಯ ಬಿಡಿಭಾಗಗಳ ಲೆಕ್ಕ ಇಡಲು. ಫ್ಯಾಕ್ಟರಿ ಅಂದ ಮೇಲೆ ಜಿಡ್ಡು, ಕೊಳೆ ಇದ್ದದ್ದೇ. ಅದಕ್ಕೇ ಒಂದಷ್ಟು ಹಾಳಾದರೂ ಓದುವ ಹಾಗೆ ಮಾಡಿದ್ದಾರೆ. ಎಲ್ಲಕ್ಕಿಂತ ಗಟ್ಟಿಯಾದ ಬಗೆಯಲ್ಲಿ ಸುಮಾರು ಶೇಕಡಾ 30ರಷ್ಟು ಹೋದರೂ ನಡೆಯುತ್ತದೆ. ಇನ್ನೊಂದು ವಿಷಯ. ಕೋಡಿನ ಮೂರು ಮೂಲೆಗಳಲ್ಲಿ ದೊಡ್ಡ ಚೌಕ ಇರುತ್ತದೆ, ಫೋನ್ ಮೊದಲು ಹುಡುಕುವುದು ಅವನ್ನೇ. ನಾಲ್ಕನೇ ಮೂಲೆಯಲ್ಲಿ ಅಂಥ ಚೌಕ ಇಲ್ಲ. ನಾನು ಕೆರೆದು ಕೈಬಿಟ್ಟದ್ದು ಆ ನಾಲ್ಕನೇ ಮೂಲೆ. ನನ್ನ ಅರ್ಧ ಕೆಲಸಕ್ಕೆ ಜಪಾನಿನವರು ಮೊದಲೇ ಪರಿಹಾರ ಮಾಡಿಟ್ಟಿದ್ದರು!

ಅಂತೂ ಹಣ ಸರಿಯಾಗಿಯೇ ಹೋಗಿತ್ತು. ಹೊಸ ಡಬ್ಬಿಗೆ ಹಳೇ ಖಾತೆಯ ಸಂಬಂಧ ಇಲ್ಲ, ಅದಕ್ಕೆ ಅದು ಸುಮ್ಮನಿತ್ತು. ಮೆಸೇಜ್ ಹೋದದ್ದು ಊರಿನಲ್ಲಿರುವ ದೊಡ್ಡ ಧಣಿಯ ಬಟನ್ ಫೋನಿಗೆ. ಫೋನ್ ಮಾಡಿ ಕೇಳಿದೆ.

‘ಹೌದಾ? ಅದು ಎಂತದೋ ಟಿಂಗ್ ಟಿಂಗ್ ಅಂತಿತ್ತ್ ಮಾರಾಯ. ಕಂಪನಿಯವ್ರ ಮೆಸೇಜ್ ಅಂದ್ಕಂಡೆ’ ಎಂದರು.

ಸ್ಟೇಟ್‌ಮೆಂಟ್ ತರಿಸಿದರೆ ಎರಡು ತಿಂಗಳಲ್ಲಿ ಹನ್ನೊಂದು ಸಲ ದುಡ್ಡು ಅಲ್ಲಿಗೆ ಹೋಗಿತ್ತು. 40, 65, 120, ಎಲ್ಲ ಪಾರ್ಸಲ್ ಬಿಲ್ಲುಗಳು. ಆ ದಿನಗಳಲ್ಲಿ ನಾನು ಪುಸ್ತಕದಲ್ಲಿ ‘ಚಿಲ್ಲರೆ ವ್ಯತ್ಯಾಸ’ ಅಂತ ಬರೆದು ಮುಚ್ಚಿದ್ದೆ. ನನ್ನ ತಪ್ಪಿಗೆ ಇಂಥ ಮೆತ್ತಗಿನ ಹೆಸರು, ಹುಡುಗನದ್ದಾದರೆ 11.40ರ ಮೆಸೇಜು.

ಬೈಂದೂರನ್ನು ಕರೆದೆ. ಗ್ರೈಂಡರ್ ಹತ್ತಿರವೇ ಕರೆದೆ, ಅಭ್ಯಾಸ. ವಿಷಯ ಹೇಳಿ 1,840 ರೂಪಾಯಿ ಕೈಗೆ ಕೊಟ್ಟೆ. ತಪ್ಪು ನಂದು ಅಂದೆ. ಅವನು ದುಡ್ಡು ಎಣಿಸಲಿಲ್ಲ, ಜೇಬಿಗಿಟ್ಟ. ಸ್ವಲ್ಪ ಹೊತ್ತು ನಿಂತು, ನೆಲ ನೋಡಿಕೊಂಡೇ ಹೇಳಿದ.

‘ಗ್ರೂಪಂಗೂ ಹಾಕಿ ಅಣ್ಣ. ಮಾವ ಕಾಣ್ಲಿ.’

ಮೊದಲು ನಾನು ಮಾಡಲು ಹೋದದ್ದು ಹಳೇ ಮೆಸೇಜ್ ಅಳಿಸುವ ಕೆಲಸ. ಎಲ್ಲರ ಫೋನಿನಿಂದಲೂ ಅಳಿಸಲು ವಾಟ್ಸಾಪ್ ಸುಮಾರು ಎರಡೂವರೆ ದಿನ ಕೊಡುತ್ತದೆ. ನಾಲ್ಕು ದಿನ ಆಗಿತ್ತು. ನನ್ನ ಫೋನಿನಿಂದ ಮಾತ್ರ ಅಳಿಸಬಹುದು ಅಂತ ತೋರಿಸಿತು. ನನ್ನೊಬ್ಬನಿಗೆ ಕಾಣದಿದ್ದರೆ ಏನು ಪ್ರಯೋಜನ?

ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ‘ತಾಂತ್ರಿಕ ತೊಂದರೆಯಿಂದ’ ಅಂತ ಶುರು ಮಾಡಿದೆ. ಎಂಥ ತಾಂತ್ರಿಕ ತೊಂದರೆ? ಅಳಿಸಿದೆ. ಆಮೇಲೆ ‘ಎಲ್ಲರ ಗಮನಕ್ಕೆ’ ಅಂತ ಉದ್ದಕ್ಕೆ ಉಪದೇಶ ಬರೆದೆ. ಅದರಲ್ಲಿ ನನ್ನ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅದನ್ನೂ ಅಳಿಸಿದೆ. ಧಣಿಯ ಮಗನಿಗೆ ಫೋನ್ ಮಾಡಿದೆ. ‘ಬಿಡಿ, ಅವನಿಗೆ ಹೇಳಿದ್ರಲ್ಲ, ಗ್ರೂಪಲ್ಲಿ ಯಾಕೆ? ನಿಮ್ಮ ಮಾತಿಗೆ ಬೆಲೆ ಇರಲ್ಲ’ ಎಂದರು. ಸೆಲ್ಫಿ ಹಾಜರಿ, ಲೇಟಾಗಿ ಬಂದವರ ಪಟ್ಟಿ, ಇವೆಲ್ಲ ಗ್ರೂಪಿಗೆ ತಂದವರು ಅವರೇ. ಪಟ್ಟಿಯಲ್ಲಿ ಅವರ ಹೆಸರು ಒಂದು ದಿನವೂ ಬಂದದ್ದಿಲ್ಲ, ಬರುವುದೂ ಇಲ್ಲ.

ಕೊನೆಗೆ ಮೂರು ಸಾಲು ಹಾಕಿದೆ. ‘ಟೇಬಲ್ 7ರ 1840 ಬಂದಿದೆ, ಹಳೇ ಖಾತೆಗೆ ಹೋಗಿತ್ತು. ಹಳೇ ಸ್ಟಿಕ್ಕರ್ ತೆಗೆಯದೆ ಬಿಟ್ಟವನು ನಾನು. ಬೈಂದೂರಿನ ತಪ್ಪಿಲ್ಲ, ಅವನ ಬಗ್ಗೆ ಬರೆದದ್ದು ನನ್ನ ತಪ್ಪು.’ ಒತ್ತಿದ ಮೇಲೆ ಫೋನನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಆರು ಹೆಬ್ಬೆರಳು ಬಂದಿದ್ದ ಜಾಗದಲ್ಲಿ ಈ ಸಲ ಎರಡು. ಒಂದು ಭಟ್ರದ್ದು. ಇನ್ನೊಂದು ಮುಲುಂಡಿನಿಂದ.

ಈಗ ಲೆಕ್ಕದ ಮಾತು ಗ್ರೂಪಿನಲ್ಲಿ ಬರೆಯುವುದಿಲ್ಲ. ಹಾಲು ಬಂದಿಲ್ಲ, ಸಿಲಿಂಡರ್ ಖಾಲಿ, ನಾಳೆ ಇಬ್ಬರು ರಜೆ, ಅಷ್ಟೇ. ಯಾರದಾದರೂ ಹೆಸರು ಬರೆಯಬೇಕು ಅನ್ನಿಸಿದರೆ ಎದ್ದು ಅವರ ಹತ್ತಿರ ನಡೆದು ಹೋಗುತ್ತೇನೆ. ಗಲ್ಲಾದಿಂದ ಹಿಂದುಗಡೆಗೆ ಇಪ್ಪತ್ತು ಹೆಜ್ಜೆ. ಅಷ್ಟು ನಡೆಯುವಾಗ ಒಂದೆರಡು ಸಲ ಸಿಟ್ಟು ಇಳಿದೂ ಹೋಗಿದೆ. ಒಂದು ಸಲ ಇಳಿಯಲಿಲ್ಲ, ಚೆನ್ನಾಗಿಯೇ ಬೈದೆ. ಬೈಯುವ ಕೆಲಸವೇ ಇತ್ತು.

ಕಂಬದ ಸ್ಟಿಕ್ಕರನ್ನು ಅವತ್ತೇ ಬಿಸಿನೀರು ಹಾಕಿ ಪೂರ್ತಿ ಕಿತ್ತೆ. ಆ ಜಾಗದಲ್ಲಿ ಈಗ ಬಣ್ಣ ಹೋದ ಒಂದು ಚೌಕ ಉಳಿದಿದೆ.

ಬೈಂದೂರು ಇನ್ನೂ ಇಲ್ಲೇ ಇದ್ದಾನೆ. ಗಿರಾಕಿ ಫೋನ್ ತೋರಿಸಿದರೆ ಹಸಿರು ಟಿಕ್ಕು ನೋಡುವುದಿಲ್ಲ, ಕೆಳಗಿನ ಹೆಸರು ಓದಿ ಗಟ್ಟಿಯಾಗಿ ಕೂಗುತ್ತಾನೆ. ಆದರೆ ನಾನು ಆ ಮೂರು ಸಾಲು ಹಾಕಿದ ಎರಡನೇ ದಿನ ಅವನು ಗ್ರೂಪ್ ಬಿಟ್ಟ. ವಾಪಸು ಸೇರಿಸಲಾ ಅಂತ ನಾನು ಕೇಳಿಲ್ಲ. ರಜೆ ಬೇಕಾದರೆ ಗಲ್ಲಾದ ಹತ್ತಿರ ಬಂದು ನಿಲ್ಲುತ್ತಾನೆ. ಗಿರಾಕಿ ಹೋಗುವ ತನಕ ಕಾಯುತ್ತಾನೆ, ಆಮೇಲೆ ಹೇಳುತ್ತಾನೆ.