ಲಿಸ್ಬನ್‌ನಲ್ಲಿ ಒಬ್ಬಳೇ ನಾಲ್ಕು ದಿನ

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ಗೆ ಹೋಗುವವರು ರೂಮು ಬುಕ್ ಮಾಡುವಾಗ ಕಿಟಕಿಯಿಂದ ಏನು ಕಾಣುತ್ತೆ ಅಂತ ನೋಡುವ ಮೊದಲು, ಬಾಗಿಲವರೆಗೆ ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಕೇಳಿ. ನಾನು ಕೇಳಲಿಲ್ಲ. ಅಲ್ಫಾಮಾ ಅನ್ನುವ ಹಳೇ ಕೇರಿಯಲ್ಲಿ, ನದಿ ಕಾಣುವ ರೂಮು ಅಂತ ಆಸೆಪಟ್ಟು ಹಿಡಿದೆ. ಆ ಓಣಿಗೆ ಕಾರು ಹೋಗುವುದಿಲ್ಲ. ಮೆಟ್ರೋ ಇಳಿದ ಮೇಲೆ ಅರ್ಧ ದಾರಿ ಮೆಟ್ಟಿಲು, ಉಳಿದದ್ದು ಸಣ್ಣ ಸಣ್ಣ ಕಲ್ಲು ಕೂರಿಸಿದ ಏರು. ಮೂರನೇ ತಿರುವಿನಲ್ಲಿ ಸೂಟ್‌ಕೇಸಿನ ಒಂದು ಗಾಲಿ ಕಿತ್ತುಬಂತು. ಮೇಲೆ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯೊಬ್ಬರು ಇಳಿದು ಬಂದು, ಒಂದು ಮಾತೂ ಆಡದೆ ಸೂಟ್‌ಕೇಸಿನ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಹತ್ತಿಸಿದೆವು. ಆ ಅಜ್ಜಿಯನ್ನು ನಾನು ಮರೆಯುವುದಿಲ್ಲ, ಆದರೆ ನಿಮಗೆ ಆ ಕಷ್ಟ ಬೇಡ.

ಉಳಿಯುವುದಕ್ಕೆ ಬಾಯ್ಶಾ ಅನ್ನುವ ಕೆಳಗಿನ ಕೇರಿ ಒಳ್ಳೆಯದು, ರೊಸ್ಸಿಯು ಚೌಕದ ಸುತ್ತಮುತ್ತ. ಅಲ್ಲಿ ನೆಲ ಸಮತಟ್ಟು, ಬೀದಿಗಳು ನೇರ. ಅದಕ್ಕೊಂದು ಕಾರಣ ಇದೆ. 1755ರ ನವೆಂಬರ್ 1ರ ಬೆಳಗ್ಗೆ ಇಲ್ಲಿ ದೊಡ್ಡ ಭೂಕಂಪ ಆಯಿತು. ಹಿಂದೆಯೇ ಸುನಾಮಿ, ಆಮೇಲೆ ಬೆಂಕಿ. ಕೆಳಗಿನ ಊರು ಹಾಳಾಗಿ ಹೋಯಿತು. ಪೊಂಬಾಲ್ ಅನ್ನುವ ಮಂತ್ರಿ ಅದನ್ನು ನೇರ ಬೀದಿಗಳಾಗಿ ಮತ್ತೆ ಕಟ್ಟಿಸಿದ, ಮನೆಗಳ ಗೋಡೆಯೊಳಗೆ ಅಲುಗಾಟ ತಡೆಯುವ ಮರದ ಚೌಕಟ್ಟು ಇಡಿಸಿದ. ಕಾರ್ಮು ಅನ್ನುವ ಇಗರ್ಜಿಯನ್ನು ಮಾತ್ರ ಚಾವಣಿ ಬಿದ್ದಂತೆಯೇ ಬಿಟ್ಟಿದ್ದಾರೆ. ಆ ಬೋಳು ಕಮಾನುಗಳ ಕೆಳಗೆ ನಿಂತು ಆಕಾಶ ನೋಡಿದಾಗ ಮೈ ಜುಂ ಅಂತು. ಭೂಕಂಪ ಆದದ್ದು ಎಲ್ಲ ಸಂತರ ಹಬ್ಬದ ದಿನ, ಜನ ಪೂಜೆಗೆ ಸೇರಿದ್ದ ಹೊತ್ತು.

ಈಗ ವೀಸಾ ವಿಷಯ. ನಾನು ಹೊನ್ನಾವರದವಳು, ಕೆಲಸ ಬೆಂಗಳೂರಿನಲ್ಲಿ. ಅಕ್ಕ ಜರ್ಮನಿಯಲ್ಲಿದ್ದಾಳೆ. ಅವಳ ಮನೆಗೆ ಎರಡು ವಾರಕ್ಕೆ ಹೋದಾಗ ಮಧ್ಯೆ ನಾಲ್ಕು ದಿನ ಬಿಡುವು ಮಾಡಿಕೊಂಡೆ. ಮಗಳ ಪರೀಕ್ಷೆ ಅಂತ ಅವಳಿಗೆ ಬರಲಾಗಲಿಲ್ಲ. "ಒಬ್ಬಳೇ ಹೋಗಿ ಬಾರೆ, ಏನಾಗಲ್ಲ" ಅಂದಳು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಹಾಗಾಗಿ ನನಗೆ ಜರ್ಮನಿ ವೀಸಾ ಸಾಕಾಯಿತು, ಪೋರ್ಚುಗಲ್‌ಗೆ ಬೇರೆ ಬೇಕಾಗಲಿಲ್ಲ. ಬೆಂಗಳೂರಿಂದ ಬರೀ ಲಿಸ್ಬನ್‌ಗೇ ಹೋಗುವವರು ಪೋರ್ಚುಗಲ್ ವೀಸಾಕ್ಕೇ ಹಾಕಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ಹದಿನೈದು ದಿನಕ್ಕೆ ತಂದುಕೊಳ್ಳಬೇಡಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ನೇರ ವಿಮಾನ ಇಲ್ಲ, ದುಬೈ, ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ನಲ್ಲಿ ಬದಲಿಸಬೇಕು.

ಲಿಸ್ಬನ್ ಏರ್‌ಪೋರ್ಟ್ ಊರೊಳಗೇ ಇದೆ, ಹೊರಗೆ ಬಂದರೆ ಮೆಟ್ರೋ. ಕೆಂಪು ಲೈನಿನಲ್ಲಿ ಹೊರಟು ಅಲಮೇದಾದಲ್ಲಿ ಹಸಿರು ಲೈನಿಗೆ ಬದಲಿಸಿದರೆ ರೊಸ್ಸಿಯು. ಸ್ಟೇಷನ್ನಿನ ಮಷೀನಿನಲ್ಲೇ ನವೆಗಾಂತೆ ಅನ್ನುವ ಕಾರ್ಡು ತೆಗೆದುಕೊಳ್ಳಿ, ಐವತ್ತು ಸೆಂಟು. ಅದಕ್ಕೆ "ಝಾಪಿಂಗ್" ಅಂತ ಆರಿಸಿ ದುಡ್ಡು ತುಂಬಿಸಿ. ಮೆಟ್ರೋ, ಬಸ್ಸು, ಟ್ರಾಮು, ದೋಣಿ, ಹತ್ತಿರದ ಸಿಂತ್ರಾ ಊರಿನ ರೈಲು ಎಲ್ಲಕ್ಕೂ ಅದೇ ನಡೆಯುತ್ತೆ. ಟ್ರಾಮಿನೊಳಗೆ ನಗದು ಕೊಟ್ಟು ಟಿಕೆಟ್ ಕೊಂಡರೆ ತುಂಬಾ ಜಾಸ್ತಿ ಬೀಳುತ್ತೆ.

ಊರು ಪೂರ್ತಿ ಗುಡ್ಡ. ಇದನ್ನು ಎಷ್ಟು ಸಲ ಓದಿದ್ದರೂ ಕಾಲಿಗೆ ಗೊತ್ತಾಗುವುದು ಎರಡನೇ ದಿನ. ಫುಟ್‌ಪಾತ್‌ಗೆಲ್ಲ ಬಿಳಿ ಸುಣ್ಣಕಲ್ಲಿನ ಚೂರು ಜೋಡಿಸಿದ್ದಾರೆ. ಚೆಂದ ಇದೆ, ಆದರೆ ಜನ ಓಡಾಡಿ ನುಣುಪಾಗಿದೆ, ಮಳೆ ಬಂದರೆ ಜಾರುತ್ತೆ. ಹಿಡಿತ ಇರುವ ಶೂ ಬೇಕೇ ಬೇಕು. ಏರು ತಪ್ಪಿಸುವ ಎರಡು ದಾರಿ ಹೇಳುತ್ತೇನೆ. ಬಾಯ್ಶಾ-ಶಿಯಾದು ಮೆಟ್ರೋ ಸ್ಟೇಷನ್ನಿಗೆ ಕೆಳಗಿನ ಬೀದಿಯಿಂದ ಒಳಹೋಗಿ ಎಸ್ಕಲೇಟರ್ ಹಿಡಿದರೆ ಮೇಲೆ ಶಿಯಾದುವಿನಲ್ಲಿ ಹೊರಬರುತ್ತೀರಿ, ಇಡೀ ಒಂದು ಗುಡ್ಡ ಹತ್ತುವುದು ತಪ್ಪಿತು. ಕೋಟೆಗೆ ಹೋಗುವಾಗ ಫಾಂಕೈರುಶ್ ಬೀದಿಯಲ್ಲೊಂದು ಲಿಫ್ಟ್ ಇದೆ, ಹಳೇ ಮನೆಗಳ ಸಾಲಿನ ನಡುವೆ, ದುಡ್ಡು ಕೊಡಬೇಕಿಲ್ಲ. ಅದರಿಂದ ಇಳಿದು ಸ್ವಲ್ಪ ನಡೆದರೆ ಇನ್ನೊಂದು ಲಿಫ್ಟ್. ಅಲ್ಲಿಯ ವಯಸ್ಸಾದವರು ತರಕಾರಿ ಚೀಲ ಹಿಡಿದು ಅದರಲ್ಲೇ ಓಡಾಡುತ್ತಾರೆ.

ಎಲ್ಲರೂ ಹೇಳುವ 28ರ ಹಳದಿ ಟ್ರಾಮು ಹತ್ತುವುದಾದರೆ ಮಾರ್ತಿಂ ಮೊನೀಜ್‌ನಲ್ಲಿ, ಅದು ಹೊರಡುವ ಜಾಗದಲ್ಲೇ, ಬೆಳಗ್ಗೆ ಎಂಟರೊಳಗೆ ಹತ್ತಿ. ನಾನು ಮೊದಲ ದಿನ ಮಧ್ಯಾಹ್ನ ಹತ್ತಿ ನಿಲ್ಲಲೂ ಜಾಗ ಇಲ್ಲದೆ ಒದ್ದಾಡಿದೆ. ಪಕ್ಕದ ಹೆಂಗಸು ನನ್ನ ಬ್ಯಾಗ್ ಕಡೆ ಕೈ ತೋರಿಸಿದರು. ಜಿಪ್ ತೆರೆದಿತ್ತು. ಏನೂ ಹೋಗಿರಲಿಲ್ಲ, ಯಾಕೆಂದರೆ ಪಾಸ್‌ಪೋರ್ಟ್ ರೂಮಿನಲ್ಲಿತ್ತು, ಕಾರ್ಡು ಕುರ್ತಾದ ಒಳಜೇಬಿನಲ್ಲಿತ್ತು. ಆ ಒಳಜೇಬು ಅಮ್ಮ ಹೊಲಿದುಕೊಟ್ಟದ್ದು. ನೀವೂ ಹೊಲಿಸಿಕೊಳ್ಳಿ.

ಬೆಲೆಂ ಅನ್ನುವ ಕಡೆಗೆ ಸೋಮವಾರ ಹೋಗಬೇಡಿ, ಜೆರೊನಿಮೊಸ್ ಮಠ ಅವತ್ತು ಮುಚ್ಚಿರುತ್ತೆ. ಬೇರೆ ದಿನ ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯ ನಂತರ ಸಾಲು ಬಿಸಿಲಿನಲ್ಲಿ ಉದ್ದಕ್ಕೆ ನಿಲ್ಲುತ್ತೆ. ನಾನು ಇಲ್ಲಿ ಅರ್ಧ ದಿನ ಕಳೆದೆ, ನಾಲ್ಕು ದಿನದಲ್ಲಿ ನನಗೆ ಮುಖ್ಯವಾದದ್ದು ಇದೇ. ಒಳಗೆ ಕಾಲಿಟ್ಟ ಕೂಡಲೇ ವಾಸ್ಕೋ ಡ ಗಾಮನ ಸಮಾಧಿ. ಅವನು ತೀರಿಕೊಂಡದ್ದು 1524ರಲ್ಲಿ, ಕೊಚ್ಚಿಯಲ್ಲಿ. ಆಮೇಲೆ ಇಲ್ಲಿಗೆ ತಂದರು. ಮಠ ಕಟ್ಟಲು ಶುರು ಮಾಡಿದ್ದು 1501ರ ಸುಮಾರಿಗೆ, ಅದಕ್ಕೆ ದುಡ್ಡು ಬಂದದ್ದು ನಮ್ಮ ಕಡೆಯ ಸಂಬಾರ ವ್ಯಾಪಾರದ ಮೇಲೆ ಹಾಕಿದ ತೆರಿಗೆಯಿಂದ. ಕಂಬಗಳ ಮೇಲೆ ಹಗ್ಗ, ಎಲೆ, ಬಳ್ಳಿಗಳ ಕೆತ್ತನೆ. ಶಾಲೆಯಲ್ಲಿ ಇದ್ದಾಗ ನಮ್ಮನ್ನು ಗೇರುಸೊಪ್ಪೆಗೆ ಕರೆದುಕೊಂಡು ಹೋಗಿ, ಇಲ್ಲಿ ಚೆನ್ನಭೈರಾದೇವಿ ಅನ್ನುವ ರಾಣಿ ಆಳುತ್ತಿದ್ದಳು, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆಯುತ್ತಿದ್ದರು ಅಂತ ಹೇಳಿದ್ದರು. ಅವತ್ತು ಬಸದಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ತಿಂದದ್ದಷ್ಟೇ ನೆನಪು. ಈಗ ಆ ಮೆಣಸು ಬಂದು ತಲುಪಿದ ತುದಿಯಲ್ಲಿ ನಿಂತಿದ್ದೆ. ಸಿಟ್ಟೂ ಬಂತು, ಕಟ್ಟಡ ನೋಡಿ ಕಣ್ಣೂ ತುಂಬಿತು. ಎರಡೂ ನಿಜ. ಕರಾವಳಿಯವರು ಯಾರಾದರೂ ಹೋದರೆ ಈ ಜಾಗಕ್ಕೆ ಸಮಯ ಇಟ್ಟುಕೊಳ್ಳಿ, ಸುಮ್ನೆ ಫೋಟೋ ತೆಗೆದು ಓಡಿಬರಬೇಡಿ.

ಭಾಷೆಯೂ ಹಾಗೇ. ರೂಮಿನ ಮಾಲೀಕರು ಕೀಲಿ ಕೊಡುತ್ತ "ಶಾವ್" ಅಂದರು, ನಮ್ಮ ಚಾವಿ. ಟೇಬಲ್‌ಗೆ "ಮೆಜ", ಆಲೂಗಡ್ಡೆಗೆ "ಬಟಾಟ". ನಮ್ಮೂರ ಕೊಂಕಣಿಯವರು ಕಿಟಕಿಗೆ ಜನೇಲ್ ಅನ್ನುವುದೂ ಇಲ್ಲಿಂದಲೇ ಬಂದದ್ದು. ಇಷ್ಟು ದೂರ ಬಂದು ಮನೆಯ ಮಾತು ಕೇಳಿದಾಗ ಧೈರ್ಯ ಬಂತು. ಥ್ಯಾಂಕ್ಸ್ ಹೇಳುವಾಗ ಹೆಂಗಸರು "ಒಬ್ರಿಗಾದಾ" ಅನ್ನಬೇಕು, "ಒಬ್ರಿಗಾದು" ಗಂಡಸರದ್ದು.

ಊಟ. ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಮೊಟ್ಟೆಯೂ ತಿನ್ನದವರು ಪಾಸ್ತೆಲ್ ದೆ ನಾತಾ ಅನ್ನುವ ಇಲ್ಲಿಯ ಬೇಕರಿ ಸಿಹಿ ಬಿಡಬೇಕಾಗುತ್ತೆ, ಅದರ ಹೂರಣ ಮೊಟ್ಟೆಯ ಹಳದಿಯದ್ದೇ. ತಿನ್ನುವವರು ಬಿಸಿ ಇರುವಾಗ, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ತಿನ್ನಿ. ಹಸಿರು ಸೂಪು ಕಂಡು ಸೊಪ್ಪಿನದ್ದು ಅಂತ ತೆಗೆದುಕೊಳ್ಳಬೇಡಿ, ಕಾಲ್ದು ವೆರ್ದೆ ಅನ್ನುವ ಆ ಸೂಪಿನಲ್ಲಿ ಹಂದಿ ಸಾಸೇಜಿನ ತುಂಡು ಹಾಕುತ್ತಾರೆ. "ಸೆಂ ಕಾರ್ನ್, ಸೆಂ ಪೈಶ್", ಅಂದರೆ ಮಾಂಸ ಬೇಡ, ಮೀನು ಬೇಡ. ಇದನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸುತ್ತಿದ್ದೆ. ಹೋಟೆಲಿನಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ, ಅದು ಬಿಟ್ಟಿ ಅಲ್ಲ, ಮುಟ್ಟಿದರೆ ಬಿಲ್ಲಿಗೆ ಬರುತ್ತೆ. ಬೇಡ ಅಂದರೆ ಬೇಜಾರಿಲ್ಲದೆ ತೆಗೆದುಕೊಂಡು ಹೋಗುತ್ತಾರೆ. ಅನ್ನ ಬೇಕು ಅನ್ನಿಸಿದ ದಿನ ಲುಮಿಯಾರ್ ಕಡೆಯ ರಾಧಾಕೃಷ್ಣ ದೇವಸ್ಥಾನಕ್ಕೆ ಹೋದೆ. ಅಲ್ಲಿ ಸಸ್ಯಾಹಾರಿ ಊಟದ ಕ್ಯಾಂಟೀನ್ ಇದೆ. ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳು ತುಂಬಾ ಜನ ಇಲ್ಲಿಗೆ ಬರುತ್ತಾರೆ. ಒಬ್ಬಳೇ ಕೂತದ್ದು ನೋಡಿ ಪಕ್ಕದವರು ಮಾತಾಡಿಸಿದರು, ಅವತ್ತು ಊಟ ಹೊಟ್ಟೆ ತುಂಬಾ ಸೇರಿತು.

ಒಬ್ಬಳೇ ಹೋದರೆ ಭಯ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಭಯಕ್ಕಿಂತ ಜಾಸ್ತಿ ಕಷ್ಟ ಆಗಿದ್ದು ಸಂಜೆ ಏಳರಿಂದ ಒಂಬತ್ತು. ಹಗಲು ಹೇಗೋ ಹೋಗುತ್ತೆ. ಸಂಜೆ ಎಲ್ಲ ಮೇಜಿನಲ್ಲೂ ಇಬ್ಬರು ನಾಲ್ವರು ಇರುವಾಗ ಒಳಗೆ ಹೋಗಲು ಕಾಲು ಬರುವುದಿಲ್ಲ. ನಾನು ಮಧ್ಯಾಹ್ನ ದೊಡ್ಡ ಊಟ ಮಾಡಿ, ರಾತ್ರಿಗೆ ಬೇಕರಿಯ ತಿಂಡಿ, ಹಣ್ಣು ತಂದು, ಸೇನ್ಯೋರಾ ದು ಮೊಂತೆ ಅನ್ನುವ ಗುಡ್ಡದ ಕಟ್ಟೆಯಲ್ಲಿ ಕೂತು ತಿನ್ನುತ್ತಿದ್ದೆ. ಅಲ್ಲಿ ಸೂರ್ಯ ಮುಳುಗುವುದು ನೋಡಲು ನೂರಾರು ಜನ ಸೇರುತ್ತಾರೆ, ಒಂಟಿ ಅನ್ನಿಸುವುದಿಲ್ಲ. ಬಾಯ್ಶಾ ಬೀದಿಯಲ್ಲಿ ಕೆಲವರು ಹತ್ತಿರ ಬಂದು ಗಾಂಜಾ ಬೇಕಾ ಅಂತ ಪಿಸುಗುಡುತ್ತಾರೆ. ನಿಲ್ಲಬೇಡಿ, ಮಾತಿಗೆ ಮಾತು ಬೇಡ, ನಡೆಯುತ್ತಿರಿ. ಬೈರು ಆಲ್ತು ಕಡೆ ರಾತ್ರಿ ಕುಡಿತದ ಗಲಾಟೆ, ಅಲ್ಲಿ ರೂಮು ಹಿಡಿಯಬೇಡಿ. ಮೆಟ್ರೋ ರಾತ್ರಿ ಒಂದರವರೆಗೆ ಇದೆ, ತುರ್ತಿಗೆ ನಂಬರ್ 112. ಪ್ರತಿ ರಾತ್ರಿ ರೂಮು ಸೇರಿದ ಮೇಲೆ ಅಕ್ಕನಿಗೆ ಫೋನ್ ಮಾಡುತ್ತಿದ್ದೆ.

ಫಾದು ಅನ್ನುವ ಇಲ್ಲಿಯ ನೋವಿನ ಹಾಡು ಒಂದು ರಾತ್ರಿ ಹೋಟೆಲಿನಲ್ಲಿ ಕೂತು ಕೇಳಿ. ದೀಪ ಸಣ್ಣ ಮಾಡಿದ ಮೇಲೆ ಯಾರೂ ಚಮಚ ಕೂಡ ಅಲುಗಿಸುವುದಿಲ್ಲ. ಒಳಗೆ ಹೋಗುವ ಮೊದಲು ಕನಿಷ್ಠ ಎಷ್ಟು ಖರ್ಚು ಮಾಡಬೇಕು ಅಂತ ಕೇಳಿಕೊಳ್ಳಿ.

ಸಿಂತ್ರಾಕ್ಕೆ ರೊಸ್ಸಿಯು ಸ್ಟೇಷನ್ನಿಂದ ರೈಲು, ನಲವತ್ತು ನಿಮಿಷ. ಪೆನಾ ಅರಮನೆಯ ಟಿಕೆಟಿನಲ್ಲಿ ಇರುವ ಸಮಯ ಅರಮನೆ ಬಾಗಿಲಿನದ್ದು, ಕೆಳಗಿನ ಗೇಟಿನದ್ದಲ್ಲ. ಗೇಟಿನಿಂದ ಏರು ಹತ್ತಲು ಅರ್ಧ ಗಂಟೆ ಬೇಕು. ನಾನು ಓಡಿ ಓಡಿ ಕೊನೇ ನಿಮಿಷಕ್ಕೆ ತಲುಪಿದೆ.

ಕೊನೇ ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ. ಕಾಯ್ಶ್ ದು ಸೊದ್ರೆಯಿಂದ ತೇಜು ನದಿ ದಾಟಿ ಕಸಿಲ್ಯಾಸ್‌ಗೆ ಹೋಗುವ ದೋಣಿ ಹತ್ತಿ, ಹತ್ತು ನಿಮಿಷದ ದಾರಿ. ಅದೇ ಕಾರ್ಡು ನಡೆಯುತ್ತೆ. ಕೆಲಸ ಮುಗಿಸಿ ಮನೆಗೆ ಹೋಗುವ ಹೆಂಗಸರು ಚಪ್ಪಲಿ ಸಡಿಲ ಮಾಡಿ ಕಣ್ಣು ಮುಚ್ಚಿ ಕೂತಿರುತ್ತಾರೆ. ಹೋಗುವಾಗ ಬಲಗಡೆ ಕೂರಿ, ಕೆಂಪು ಸೇತುವೆಯೂ ಅದರ ಹಿಂದೆ ಇಳಿಯುವ ಸೂರ್ಯನೂ ಆ ಕಡೆಗೇ ಕಾಣುವುದು. ವಾಪಸ್ ಬರುವಾಗ ಎಡಗಡೆ.