ಫ್ರೀಜರ್‌ಗೆ ಗ್ಯಾಸ್ ತುಂಬಿಸುವ ಮೊದಲು ಸೆನ್ಸರ್ ಅಳೆಯಿರಿ

ಫ್ರೀಜರ್‌ನಲ್ಲಿಟ್ಟ ಐಸ್‌ಕ್ರೀಮ್ ಮೆತ್ತಗಾದರೆ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಹೋಗಿದೆ’, ಇಲ್ಲವೇ ‘ಬೋರ್ಡ್ (ಫ್ರಿಜ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹೋಗಿದೆ’. ಎರಡೂ ದುಬಾರಿ ರಿಪೇರಿ. ನಿಮ್ಮದು ಫ್ರಾಸ್ಟ್ ಫ್ರೀ ಫ್ರಿಜ್ ಆಗಿದ್ದರೆ ಅದಕ್ಕೆ ಒಪ್ಪುವ ಮುಂಚೆ ತಾಪಮಾನದ ಸೆನ್ಸರ್ ಅಳೆದು ನೋಡಿ. ಗುಂಡಿ ಒತ್ತಿ ಡಿಫ್ರಾಸ್ಟ್ ಮಾಡುವ ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇರುತ್ತದೆ, ಅದರ ಪರೀಕ್ಷೆ ಬೇರೆ.

ಈ ಸೆನ್ಸರ್ ಒಂದು ಎನ್‌ಟಿಸಿ ಥರ್ಮಿಸ್ಟರ್. ತಣ್ಣಗಾದಷ್ಟೂ ಅದರ ರೋಧ (ರೆಸಿಸ್ಟೆನ್ಸ್) ಏರುತ್ತದೆ, ಬೋರ್ಡ್ ಆ ರೋಧವನ್ನೇ ತಾಪಮಾನವೆಂದು ಓದಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಲಕ್ಷಣದಿಂದಲೇ ದೋಷ ಯಾವ ಕಡೆಗಿದೆ ಎಂದು ಊಹಿಸಬಹುದು. ಸೆನ್ಸರ್‌ನ ಒಳಗೆ ತೇವ ಇಳಿದರೆ ಕರೆಂಟಿಗೆ ಇನ್ನೊಂದು ದಾರಿ ಸಿಕ್ಕಿ ರೋಧ ಕುಸಿಯುತ್ತದೆ. ಫ್ರೀಜರ್ ಇನ್ನೂ ಬೆಚ್ಚಗಿದೆ ಎಂದುಕೊಂಡು ಬೋರ್ಡ್ ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ. ಕನೆಕ್ಟರ್ ಪಿನ್‌ಗಳಿಗೆ ಕಿಲುಬು ಹಿಡಿದರೆ ಇದಕ್ಕೆ ತದ್ವಿರುದ್ಧ: ರೋಧ ಹೆಚ್ಚಾಗಿ ಕಂಪ್ರೆಸರ್ ಬೇಗ ನಿಲ್ಲುತ್ತದೆ, ಒಳಗಿರುವುದೆಲ್ಲ ಕರಗತೊಡಗುತ್ತದೆ. ವೈರ್ ತುಂಡಾದರೆ ಅಥವಾ ಶಾರ್ಟ್ ಆದರೆ ಹೆಚ್ಚಿನ ಬೋರ್ಡ್‌ಗಳು ಎರರ್ ಕೋಡ್ ತೋರಿಸುತ್ತವೆ. ನಿಜವಾಗಿ ಸತಾಯಿಸುವುದು ಅರ್ಧ ಕೆಟ್ಟ ಸೆನ್ಸರ್. ಅದು ಹೇಳುವ ಸುಳ್ಳು ನಂಬುವಂತೆಯೇ ಇರುವುದರಿಂದ ಕೋಡ್ ಬರುವುದಿಲ್ಲ.

ಸೆನ್ಸರ್ ಒಂದೇ ಅಲ್ಲ ಎಂಬುದೂ ನೆನಪಿರಲಿ. ಒಂದು ಒಳಗಿನ ಗಾಳಿಯನ್ನು ಅಳೆಯುತ್ತದೆ. ಇನ್ನೊಂದು ಹಿಂಬದಿಯ ಪ್ಯಾನೆಲ್ ಹಿಂದೆ, ಕೂಲಿಂಗ್ ಕಾಯಿಲ್‌ಗೆ ಕ್ಲಿಪ್ ಆಗಿರುವ ಡಿಫ್ರಾಸ್ಟ್ ಸೆನ್ಸರ್. ಪ್ಯಾನೆಲ್ ಬಿಚ್ಚಿದಾಗ ಇಡೀ ಕಾಯಿಲ್ ಐಸ್‌ನಲ್ಲಿ ಹೂತುಹೋಗಿದ್ದರೆ ಡಿಫ್ರಾಸ್ಟ್ ಸೆನ್ಸರ್ ಅಥವಾ ಐಸ್ ಕರಗಿಸುವ ಹೀಟರ್ ಕಡೆ ನೋಡಿ. ಬಾಗಿಲಿನ ಗ್ಯಾಸ್ಕೆಟ್ ಸಡಿಲವಾಗಿದ್ದರೂ ಹೀಗಾಗಬಹುದು. ಆ ಐಸನ್ನು ಚಾಕುವಿನಿಂದ ಕೆರೆಯಲೇಬೇಡಿ. ಕಾಯಿಲ್ ತೂತಾದರೆ ಗ್ಯಾಸ್ ಹೋಗುತ್ತದೆ, ಈಚಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವ ಆರ್‌600ಎ ಬೆಂಕಿ ಹೊತ್ತುವ ಅನಿಲ.

ಅಳೆಯುವುದು ಹೀಗೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಸೆನ್ಸರ್‌ನ ಕನೆಕ್ಟರ್ ಬಿಚ್ಚಿ. ಬೋರ್ಡ್‌ಗೆ ಸೇರಿದ್ದಾಗಲೇ ಅಳೆದರೆ ಅಲ್ಲಿನ ರೆಸಿಸ್ಟರ್ ಕೂಡ ಲೆಕ್ಕಕ್ಕೆ ಸೇರಿ ರೀಡಿಂಗ್ ತಪ್ಪುತ್ತದೆ. ಲೋಟದ ತುಂಬ ಪುಡಿ ಐಸ್ ಹಾಕಿ, ಸಂದು ತುಂಬುವಷ್ಟೇ ನೀರು ಸುರಿದು ಕಲಕಿ. ಅದು 0 ಡಿಗ್ರಿ. ಸೆನ್ಸರ್‌ನ ತಲೆಯನ್ನು ಅದರಲ್ಲಿ ಐದು ನಿಮಿಷ ಮುಳುಗಿಸಿ, ಮಲ್ಟಿಮೀಟರ್ 200 ಕಿಲೋಓಮ್ ರೇಂಜ್‌ನಲ್ಲಿರಲಿ. 25 ಡಿಗ್ರಿಯಲ್ಲಿ 5 ಕಿಲೋಓಮ್ ಇರುವ ಒಂದು ಬಗೆಯ ಸೆನ್ಸರ್ ಐಸ್ ನೀರಿನಲ್ಲಿ ಸುಮಾರು 13 ಕಿಲೋಓಮ್ ತೋರಿಸುತ್ತದೆ. 10 ಕಿಲೋಓಮ್‌ನದಾದರೆ ಅದರ ಬೀಟಾ ಮೌಲ್ಯಕ್ಕೆ (ತಾಪಮಾನದೊಂದಿಗೆ ರೋಧ ಎಷ್ಟು ಬದಲಾಗುತ್ತದೆ ಎಂದು ಹೇಳುವ ಅಂಕಿ) ತಕ್ಕಂತೆ 27ರಿಂದ 34ರೊಳಗೆ. ಸರಿಯಾದ ಅಂಕಿ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಆಮೇಲೆ ಸೆನ್ಸರನ್ನು ಒರೆಸಿ ಮುಷ್ಟಿಯಲ್ಲಿ ಹಿಡಿಯಿರಿ: ಅಂಕಿ ನಿಧಾನವಾಗಿ, ಎಲ್ಲೂ ಜಿಗಿಯದೆ ಇಳಿಯಬೇಕು. ಜಿಗಿದರೆ ಒಳಗೆ ಬಿರುಕಿದೆ. ವೈರನ್ನು ಬಗ್ಗಿಸಿದಾಗ ಮಾತ್ರ ಜಿಗಿದರೆ ತಪ್ಪು ವೈರಿನದು.

ಬದಲಿ ತರುವಾಗ ‘ಯಾವುದಾದರೂ ನಡೆಯುತ್ತದೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಮೇಲೆ ಹೇಳಿದ 5 ಕಿಲೋಓಮ್ ಸೆನ್ಸರ್‌ಗೆ ಹೊಂದಿಸಿದ ಬೋರ್ಡ್, ಮೈನಸ್ 18 ಡಿಗ್ರಿ ಎಂದು ಒಪ್ಪುವುದು ಸುಮಾರು 30 ಕಿಲೋಓಮ್ ಕಂಡಾಗ. ಬೀಟಾ 3950 ಇರುವ 10 ಕಿಲೋಓಮ್ ಸೆನ್ಸರ್ ಸುಮಾರು 2 ಡಿಗ್ರಿಯಲ್ಲೇ ಅಷ್ಟು ತಲುಪುತ್ತದೆ. ಕಂಪ್ರೆಸರ್ ಅಲ್ಲಿಗೇ ನಿಲ್ಲುತ್ತದೆ, ಐಸ್ ಕಟ್ಟುವುದೇ ಇಲ್ಲ.

ಜೋಡಿಸುವಾಗ ಬೆಸುಗೆ ಹಾಕಿ, ಒಳಬದಿಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬಿಸಿಯ ಕೆಲಸವನ್ನೆಲ್ಲ ಸಾಧ್ಯವಾದಷ್ಟೂ ಫ್ರಿಜ್‌ನಿಂದ ಹೊರಗೇ ಮಾಡಿ. ಬರೀ ಇನ್ಸುಲೇಶನ್ ಟೇಪ್ ತೇವವನ್ನು ತಡೆಯುವುದಿಲ್ಲ. ಥರ್ಮಿಸ್ಟರ್‌ಗೆ ಪ್ಲಸ್ ಮೈನಸ್ ಇಲ್ಲ, ಯಾವ ವೈರ್ ಯಾವುದಕ್ಕಾದರೂ ಸೇರಿಸಬಹುದು. ಆದರೆ ಹಳೆಯ ಸೆನ್ಸರ್ ಇದ್ದ ಕ್ಲಿಪ್‌ನಲ್ಲೇ ಹೊಸದನ್ನು ಕೂರಿಸಿ. ಗಾಳಿಯ ಸೆನ್ಸರ್ ಕಾಯಿಲ್‌ಗೆ ತಗುಲಿದರೆ ಮತ್ತೆ ಸುಳ್ಳು ರೀಡಿಂಗ್ ಬರುತ್ತದೆ.

ಮುಗಿದ ಮೇಲೆ ಪೊಟ್ಟಣಗಳ ನಡುವೆ ಥರ್ಮಾಮೀಟರ್ ಇಟ್ಟು 24 ಗಂಟೆ ಬಿಡಿ. ಮೈನಸ್ 18ರ ಆಸುಪಾಸು ಬರದಿದ್ದರೆ, ಫ್ಯಾನ್ ತಿರುಗುತ್ತಿದೆಯೇ ನೋಡಿದ ಮೇಲೆ ಗ್ಯಾಸ್ ಮಾತಿಗೆ ಬನ್ನಿ.