ಅಂಚಿನಲ್ಲಿ ಬರೆದ ಕಿವಿ

ಕಳೆದ ತಿಂಗಳು ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡರು. ಸುದ್ದಿ ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು 4ನೇ ತರಗತಿಯ ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ಹಾಳೆಯ ಅಂಚಿನಲ್ಲಿ ಅವರು ಪೆನ್ಸಿಲ್ಲಿನಲ್ಲಿ ಬರೆದ ಪುಟ್ಟ ಕಿವಿಗಳು ಇನ್ನೂ ಹಾಗೇ ಇವೆ.

ಅರ್ಧಕ್ಕೆ ನಿಂತ ವಾಕ್ಯಕ್ಕೆ ಮೇಷ್ಟ್ರು ಕೆಂಪು ಇಂಟು ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಕಿವಿ ಬರೆಯುತ್ತಿದ್ದರು. ‘ನಾನಿನ್ನೂ ಕೇಳ್ತಾ ಇದ್ದೀನಿ, ನೀನು ಮುಗಿಸಿಲ್ಲ’ ಅಂತ ಅರ್ಥ. ನನ್ನ ಪುಟದಲ್ಲಿ ಹೀಗಿದೆ: ‘ಜೋರು ಮಳೆ ಬಂದಾಗ. ನಾವು ಮರದ ಕೆಳಗೆ ನಿಂತು. ತುಂಬ ಚಳಿ ಆಯಿತು.’ ಮೂರು ಫುಲ್‌ಸ್ಟಾಪ್, ಎರಡು ಕಿವಿ. ಕೆಳಗೆ ನಾನೇ ತಿದ್ದಿದ್ದೇನೆ: ‘ಜೋರು ಮಳೆ ಬಂದಾಗ ನಾವು ಮರದ ಕೆಳಗೆ ನಿಂತೆವು. ತುಂಬ ಚಳಿ ಆಯಿತು.’ ತಿದ್ದಲು ಅವರು ಹೇಳಿಕೊಟ್ಟದ್ದು ಎರಡೇ ದಾರಿ. ಒಂದೋ ಪಕ್ಕದ ವಾಕ್ಯಕ್ಕೆ ಸೇರಿಸು, ಇಲ್ಲಾ ಕ್ರಿಯೆ ಮುಗಿಸು.

ವ್ಯಾಕರಣದ ದೊಡ್ಡ ಹೆಸರುಗಳು ಆಮೇಲೆ ಬಂದವು. ಮೊದಲು ಬಂದದ್ದು ಬಾಗಿಲು. ಬಂದು, ಬರುತ್ತಾ, ಬಂದರೆ, ಬಂದಾಗ – ಇವು ಬಾಗಿಲು ತೆರೆದಿಟ್ಟ ಮಾತುಗಳು. ಬಂದನು, ಬಂದಳು, ಬಂದೆವು – ಇವು ಬಾಗಿಲು ಹಾಕುವ ಮಾತುಗಳು. ಬರೆದದ್ದನ್ನು ಕೊನೆಯ ವಾಕ್ಯದಿಂದ ಹಿಂದಕ್ಕೆ, ಒಂದೊಂದಾಗಿ ಜೋರಾಗಿ ಓದಿಸುತ್ತಿದ್ದರು. ಮೇಲಿಂದ ಓದಿದರೆ ಅರ್ಥ ತಾನೇ ಹರಿದುಬಂದು ತಪ್ಪು ಮುಚ್ಚಿಹೋಗುತ್ತದೆ, ಅಲ್ವಾ? ಹಿಂದಿನಿಂದ ಓದಿದರೆ ಅರೆ ವಾಕ್ಯ ಒಂಟಿಯಾಗಿ ಸಿಕ್ಕಿಬೀಳುತ್ತದೆ. ನಾನು ಇವತ್ತಿಗೂ ಹೀಗೇ ಓದುತ್ತೇನೆ.

ಒಮ್ಮೆ ನಾನು ಎದ್ದು ಕೇಳಿದೆ, ‘ಸರ್, ಬರೀ ಬಂದೆ ಅಂತ ಬರೆದರೆ ತಪ್ಪಾ?’ ಅವರ ಮುಖ ಅರಳಿತು. ಬೋರ್ಡ್ ಮೇಲೆ ‘ಬಂದೆ’ ಅಂತ ಬರೆದು, ಕೊನೆಯ ಅಕ್ಷರದ ಎತ್ವವನ್ನು ಸೀಮೆಸುಣ್ಣದಿಂದ ಸುತ್ತಿದರು. ‘ನಾನು ಅನ್ನೋದು ಇಲ್ಲೇ ಕೂತಿದೆ ನೋಡು. ಒಂದೇ ಪದ, ಪೂರ್ತಿ ವಾಕ್ಯ.’ ಪಕ್ಕದಲ್ಲಿ ‘ಇವಳು ನನ್ನ ತಂಗಿ’ ಅಂತ ಬರೆದರು. ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ತಿ. ಉದ್ದ ಗಿಡ್ಡದಿಂದ ವಾಕ್ಯ ಅಳೆಯಬಾರದು ಅಂತ ಅವತ್ತು ಗೊತ್ತಾಯಿತು. ಆ ಪ್ರಶ್ನೆ ಕೇಳಿದ್ದು ನಾನು ಅನ್ನುವ ಹೆಮ್ಮೆ ನನಗೆ ಈಗಲೂ ಇದೆ.

ಅವರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ರಟ್ಟಿನ ಪಟ್ಟಿಗಳು, ಒಂದೊಂದರ ಮೇಲೂ ಒಂದು ಪದ. ಕ್ರಿಯಾಪದಗಳು ಮಾತ್ರ ನೀಲಿ ಶಾಯಿಯಲ್ಲಿ. ನಾವು ನೆಲದ ಮೇಲೆ ಪಟ್ಟಿ ಜೋಡಿಸಿ ವಾಕ್ಯ ಕಟ್ಟಬೇಕಿತ್ತು. ಒಂದು ದಿನ ನಾನೂ ನನ್ನ ಗೆಳೆಯನೂ ಸೇರಿ ನೀಲಿ ಪಟ್ಟಿಗಳನ್ನೆಲ್ಲ ಎತ್ತಿ ಬ್ಯಾಗಿನಲ್ಲಿ ಬಚ್ಚಿಟ್ಟೆವು.

ಮರುದಿನ ಮೇಷ್ಟ್ರು ಡಬ್ಬಿ ತೆರೆದರು. ಸುಮ್ನೆ ಮುಚ್ಚಿಟ್ಟರು. ಆಮೇಲೆ ಪಾಠ ಶುರು ಮಾಡಿದರು. ‘ಮಕ್ಕಳೇ, ಇವತ್ತು ನಾನು ನಿಮಗೆಲ್ಲ…’ ನಿಲ್ಲಿಸಿದರು. ಕಾದೆವು. ‘ಮೊದಲನೇ ಬೆಂಚಿನವರು ಪುಸ್ತಕ ತೆಗೆದು…’ ಮತ್ತೆ ಮೌನ. ಪುಸ್ತಕ ತೆಗೆದ ಮಕ್ಕಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಅರ್ಧ ಪೀರಿಯಡ್ ಹೀಗೇ ನಡೆಯಿತು. ಮೊದಲು ನಕ್ಕ ಮಕ್ಕಳು ಆಮೇಲೆ ಚಡಪಡಿಸಿದರು. ‘ಮುಗಿಸಿ ಸರ್!’ ಅಂತ ಒಬ್ಬಳು ಕೂಗಿಯೇಬಿಟ್ಟಳು. ಮೇಷ್ಟ್ರು ಕೊನೆಗೆ ನಮ್ಮ ಸಾಲಿನ ಕಡೆ ನೋಡಿ, ‘ನನ್ನ ನೀಲಿ ಪಟ್ಟಿಗಳನ್ನು…’ ಅಂದರು.

ನಾನು ಎದ್ದು ನಿಂತೆ. ‘ನಾನು…’ ಅಂದೆ. ಗಂಟಲು ಕಟ್ಟಿತು. ಅವರು ಅಂಗೈಯನ್ನು ಕಿವಿಗೆ ಹಿಡಿದು ಮುಂದಕ್ಕೆ ಬಾಗಿದರು.

‘ನಾನು ತೆಗೆದುಕೊಂಡೆ ಸರ್.’

‘ಈಗ ಮುಗೀತು’ ಅಂದರು. ಅಷ್ಟೇ. ಹೊಡೆಯಲಿಲ್ಲ, ಬೈಯಲಿಲ್ಲ.

ಆ ವರ್ಷ ಬೇರೆ ಏನೆಲ್ಲ ಕಲಿತೆವೋ, ಒಂದೂ ನೆನಪಿಲ್ಲ. ಆದರೆ ಇವತ್ತು ಆಫೀಸಿನಲ್ಲಿ ಮುಖ್ಯವಾದ ಪತ್ರ ಹೋಗುವ ಮುಂಚೆ ಎಲ್ಲರೂ ನನ್ನ ಟೇಬಲ್ಲಿಗೇ ತರುತ್ತಾರೆ. ಅದರ ಪಾಲು ಮೇಷ್ಟ್ರಿಗೆ ಸೇರಬೇಕು.

ಈಗಿನ ಮಕ್ಕಳ ವರ್ಕ್‌ಶೀಟ್ ನೋಡುವಾಗ ಬೇಜಾರಾಗುತ್ತದೆ. ಬಿಟ್ಟ ಸ್ಥಳ ತುಂಬುವುದು, ಟಿಕ್ ಹಾಕುವುದೇ ಜಾಸ್ತಿ. ತಾನೇ ಒಂದು ವಾಕ್ಯ ಶುರು ಮಾಡಿ, ಮುಗಿಸುವ ಅವಕಾಶವೇ ಮಗುವಿಗೆ ಸಿಗುವುದಿಲ್ಲ. ಫೋನಿನ ಮೆಸೇಜ್ ಬಗ್ಗೆ ನನಗೆ ತಕರಾರಿಲ್ಲ. ‘ಎಲ್ಲಿದ್ದೀಯ?’ ಅಂದರೆ ‘ಮನೇಲಿ’ ಅಂದರೆ ಸಾಕು, ಉಳಿದದ್ದು ಪ್ರಶ್ನೆಯಲ್ಲೇ ಇದೆ. ಇದನ್ನೂ ಅವರೇ ಹೇಳಿದ್ದರು. ಎದುರಿಗೆ ಇಲ್ಲದವರಿಗೆ ಬರೆಯುವಾಗ ಮಾತ್ರ ಪೂರ್ತಿ ಬರೆಯಬೇಕು.

ಹೋದ ವಾರ ರಟ್ಟು ಕತ್ತರಿಸಿ ಹೊಸ ಪಟ್ಟಿಗಳನ್ನು ಮಾಡಿದೆ. ಕ್ರಿಯಾಪದಗಳನ್ನು ನೀಲಿಯಲ್ಲೇ ಬರೆದಿದ್ದೇನೆ. ಡಬ್ಬಿಯನ್ನು ಶಾಲೆಗೆ ಕೊಟ್ಟು ಬಂದಿದ್ದೇನೆ, ಸ್ಟಾಫ್ ರೂಮಿನ ಕಪಾಟಿನಲ್ಲಿದೆ. ನೀಲಿ ಪಟ್ಟಿಗಳದ್ದು ಎರಡು ಸೆಟ್ ಇಟ್ಟಿದ್ದೇನೆ.